ನಿಮ್ಮ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಏನೆಂದು ಬರೆದಿದೆ?

ಜನನ ಪ್ರಮಾಣಪತ್ರ ಎಂದ ಕೂಡಲೇ ನಮಗೆ ನೆನಪಾಗುವುದು ತಾರೀಖು. ಒಂದನೇ ತರಗತಿಗೆ ಸೇರುವಾಗ ಕೇಳಿದರು, ಆಧಾರ್ ಮಾಡಿಸುವಾಗ ಕೇಳಿದರು, ಪಾಸ್‌ಪೋರ್ಟ್‌ಗೆ ಕೇಳಿದರು. ತಾರೀಖು ನೋಡಿ ವಾಪಸ್ ಕೊಟ್ಟರು. ಆದರೆ ಅಣ್ಣ, ತಂಗಿ, ಮಗ, ಮಗಳು ಎಂಬ ಸಂಬಂಧದ ಆಧಾರದ ಮೇಲೆ ಬೇರೆ ದೇಶದಲ್ಲಿ ನೆಲೆಸಲು ವೀಸಾ ಕೇಳುವವರಿಗೆ ಆ ಕಾಗದದಲ್ಲಿ ತಾರೀಖಿನಷ್ಟೇ ಮುಖ್ಯವಾದ ಎರಡು ಸಾಲುಗಳಿವೆ: ತಂದೆಯ ಹೆಸರು, ತಾಯಿಯ ಹೆಸರು. ನಮ್ಮ ಮನೆಗಳಲ್ಲಿ ತೊಂದರೆ ಹುಟ್ಟುವುದು ಹೆಚ್ಚಾಗಿ ಎರಡನೆಯ ಸಾಲಿನಲ್ಲಿ. ಇದಕ್ಕೆ ಗುಮಾಸ್ತರ ಕೈತಪ್ಪನ್ನು ಮಾತ್ರ ದೂರಿದರೆ ಸಾಲದು. ಹೆಂಗಸರ ಹೆಸರನ್ನು ಸರಿಯಾಗಿ ಬರೆಸಬೇಕೆಂಬ ಕಾಳಜಿ ನಮಗೇ ಇರಲಿಲ್ಲ, ಇಂದಿಗೂ ಸಾಕಷ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಅಮೆರಿಕದ ಪೌರರಾದ ನನ್ನ ಮಾಮು 2006ರಲ್ಲಿ ತಂಗಿಯ ಹೆಸರಿಗೆ, ಅಂದರೆ ನನ್ನ ಅಮ್ಮಿಯ ಹೆಸರಿಗೆ ಅರ್ಜಿ ಹಾಕಿದ್ದರು. ಆಗ ನಾನು ಹುಟ್ಟಿರಲಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರಿಗಾಗಿ ಅಮೆರಿಕ ಇಡೀ ಜಗತ್ತಿಗೆ ವರ್ಷಕ್ಕೆ ಕೊಡುವ ವೀಸಾ ಸುಮಾರು 65,000. ಒಂದೇ ದೇಶಕ್ಕೆ ಹೆಚ್ಚು ಹೋಗದಂತೆ ಮಿತಿಯೂ ಇದೆ. ಹೀಗಾಗಿ ಭಾರತದವರ ಸರದಿ ಬರಲು ಹದಿನೈದು ವರ್ಷಕ್ಕೂ ಹೆಚ್ಚು ಕಾಯಬೇಕು. ನಮ್ಮ ಸರದಿ ಈಗ ಬಂದಿದೆ. ಬಂದ ಮೇಲೆ ಗೊತ್ತಾದದ್ದೇನೆಂದರೆ, ಕಾಗದದ ಲೆಕ್ಕದಲ್ಲಿ ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ಇಬ್ಬರನ್ನು ಮದುವೆಯಾಗಿದ್ದಾರೆ!

ಅದು ಹೀಗೆ. ಅಣ್ಣ ತಂಗಿ ಎಂದು ಸಾಬೀತಾಗಲು ಇಬ್ಬರ ಜನನ ದಾಖಲೆಯಲ್ಲೂ ಕನಿಷ್ಠ ಒಬ್ಬ ತಂದೆ ಅಥವಾ ತಾಯಿ ಒಂದೇ ಆಗಿರಬೇಕು. ತಂದೆ ಒಬ್ಬರೇ, ತಾಯಂದಿರು ಬೇರೆ ಬೇರೆ ಎಂದಾದರೆ ತಂದೆ ಆ ಇಬ್ಬರು ತಾಯಂದಿರನ್ನೂ ಮದುವೆಯಾದದ್ದಕ್ಕೆ ದಾಖಲೆ ಕೇಳುತ್ತಾರೆ. ಮಾಮು ಹುಟ್ಟಿದ್ದು 1974ರಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿನ ರಿಜಿಸ್ಟರ್‌ನಲ್ಲಿ ನಾನಿಯ ಹೆಸರಿನ ಕೊನೆಗೆ ‘ಬಿ’ ಇದೆ. ಅಮ್ಮಿ ಹುಟ್ಟಿದ್ದು 1979ರಲ್ಲಿ, ಮನೆಯಲ್ಲಿ. ಆ ಜನನ ನೋಂದಣಿಯಾಗಿಲ್ಲ. ಅರ್ಜಿ ಹಾಕುವಾಗ ಸಂಬಂಧಿಕರೊಬ್ಬರಿಂದ ಮಾಡಿಸಿದ ಅಫಿಡವಿಟ್‌ನಲ್ಲಿ ಅದೇ ನಾನಿಯ ಹೆಸರಿನ ಕೊನೆಗೆ ‘ಉನ್ನೀಸಾ’ ಎಂದಿದೆ. ಮತದಾರರ ಗುರುತಿನ ಚೀಟಿಯಲ್ಲಿ ‘ಬೇಗಂ’. ನಮಗೆ ಮೂರೂ ಒಬ್ಬರೇ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಒಬ್ಬರೇ. ಸಾವಿರಾರು ಮೈಲಿ ದೂರದ ಮೇಜಿನ ಹಿಂದೆ ಕುಳಿತ ಅಧಿಕಾರಿಗೆ ಅವರು ಇಬ್ಬರೋ ಮೂವರೋ ಹೆಂಗಸರು. ನಾನಾ ತೀರಿಕೊಂಡು ಬಹಳ ವರ್ಷವಾಯಿತು. ಅವರ ‘ಎರಡನೇ ಮದುವೆ’ಯ ಸುದ್ದಿಯನ್ನು ನಾನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಆ ಅಧಿಕಾರಿಯನ್ನು ದೂರುವುದು ಸುಲಭ. ನಾನು ದೂರುವುದಿಲ್ಲ. ಆತನ ಮುಂದಿರುವುದು ಕಾಗದ ಮಾತ್ರ. ನಮ್ಮ ಮುಂದೆ ನಾನಿಯೇ ಇದ್ದರು, ಆದರೂ ಐವತ್ತು ವರ್ಷಗಳಲ್ಲಿ ಒಬ್ಬರೂ ಅವರ ಹೆಸರನ್ನು ಎರಡು ಕಡೆ ಒಂದೇ ರೀತಿ ಬರೆಸಿಲ್ಲ.

ಯಾಕೆ ಹೀಗಾಯಿತು? ಕಾನೂನು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಜನನ ಮರಣ ನೋಂದಣಿ ಅಧಿನಿಯಮ 1969ರದ್ದು. ನಮ್ಮ ರಾಜ್ಯದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಹೆರಿಗೆಯಾದರೆ ಮನೆಯ ಯಜಮಾನ ಹೋಗಿ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ ತಿಳಿಸಬೇಕು. ಹೆತ್ತವಳನ್ನು ‘ನಿನ್ನ ಹೆಸರೇನಮ್ಮಾ’ ಎಂದು ಕೇಳುವ ಸಂದರ್ಭವೇ ಬರದೆ ಕೆಲಸ ಮುಗಿಯಬಹುದು. ಹಳ್ಳಿಯಲ್ಲಿ ಗ್ರಾಮ ಲೆಕ್ಕಿಗರ ಮುಂದೆ ನಿಂತ ಗಂಡಸು ಹೆಂಡತಿಯ ಹೆಸರನ್ನು ಹೊರಗಿನವರೆದುರು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಿದ್ದ ಕಾಲ ಅದು. ಮನೆಯಲ್ಲಿ ಕರೆಯುವ ಮೋಟು ಹೆಸರನ್ನೋ ಅರ್ಧ ಹೆಸರನ್ನೋ ಹೇಳಿದರು, ಲೆಕ್ಕಿಗರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಹೆಸರಿನ ಕೊನೆಗೆ ‘ಬಿ’ ಸೇರಿಸುವುದು ನಮ್ಮ ಕಡೆ ಗೌರವ ಎಂಬುದು ನಿಜ. ಆದರೆ ಆ ಗೌರವ ಮನೆಯ ಬಾಗಿಲಿನಾಚೆಗೆ ಬೇರೆಯೇ ಹೆಸರಾಗುತ್ತದೆ.

ಅಮ್ಮಿಯ ಶಾಲೆಯ ಟಿಸಿ ತೆಗೆದು ನೋಡಿದೆವು. ಅದರಲ್ಲಿ ತಂದೆಯ ಹೆಸರು ಮಾತ್ರ. ಜಮಾಅತ್‌ನ ನಿಕಾಹ್ ರಿಜಿಸ್ಟರ್‌ನಲ್ಲೂ ಇಂಥವರ ಮಗಳು ಎಂದು ತಂದೆಯ ಹೆಸರಷ್ಟೇ. ನಾನಿಯ ಹೊಟ್ಟೆಯಲ್ಲಿ ಹುಟ್ಟಿ, ಮದುವೆಯಾಗುವವರೆಗೆ ನಾನಿಯ ಜೊತೆಯೇ ಇದ್ದ ಅಮ್ಮಿ ಅವರ ಮಗಳೆಂದು ಹೇಳುವ ಹಳೆಯ ಕಾಗದ ಇಡೀ ಮನೆಯಲ್ಲಿ ಒಂದೇ ಒಂದು ಸಿಕ್ಕಿತು. ಅದು ಸೀಮೆಎಣ್ಣೆಯ ವಾಸನೆ ಇನ್ನೂ ಹೋಗದ ಹಳೆಯ ರೇಷನ್ ಕಾರ್ಡು.

ಇನ್ನು ಏಜೆಂಟರ ವಿಷಯ. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಾಗದ ಇಲ್ಲವೆಂದು ಗೊತ್ತಾದ ಕೂಡಲೇ ಮನೆಗೆ ಸಲಹೆ ಕೊಡುವವರು ಬರುತ್ತಾರೆ. ಒಬ್ಬರು ‘ಒಂದು ವಾರದಲ್ಲಿ ಹಳೆಯ ನಂಬರ್ ಹಾಕಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, ತಾಯಿಯ ಹೆಸರು ನೀವು ಹೇಳಿದ ಹಾಗೆಯೇ ಇರುತ್ತದೆ’ ಎಂದರು. ಕೇಳುವವರಿಗೆ ಇದು ತಪ್ಪು ಎನ್ನಿಸುವುದೇ ಇಲ್ಲ. ಅಮ್ಮಿ ಹುಟ್ಟಿದ್ದು ನಿಜ, ನಾನಿ ಹೆತ್ತದ್ದು ನಿಜ, ಹಾಗಿದ್ದ ಮೇಲೆ ಕಾಗದ ಮಾತ್ರ ಸುಳ್ಳಾದರೆ ಏನಂತೆ ಎಂಬ ವಾದ. ಈ ವಾದದಲ್ಲಿ ದೊಡ್ಡ ಅಪಾಯವಿದೆ. ವೀಸಾಕ್ಕಾಗಿ ಬೇಕೆಂದೇ ಸುಳ್ಳು ದಾಖಲೆ ಕೊಟ್ಟದ್ದು ಗೊತ್ತಾದರೆ ಅಮೆರಿಕದ ಕಾನೂನು ಹೇರುವ ನಿಷೇಧಕ್ಕೆ ಕಾಲಮಿತಿಯೇ ಇಲ್ಲ. ವಲಸೆ ವೀಸಾ ಕೇಳುವವರು ಅದರಿಂದ ವಿನಾಯಿತಿ ಬೇಡಬೇಕಾದರೆ ಗಂಡ, ಹೆಂಡತಿ, ತಂದೆ ಅಥವಾ ತಾಯಿ ಅಲ್ಲಿನ ಪೌರರೋ ಖಾಯಂ ನಿವಾಸಿಗಳೋ ಆಗಿರಬೇಕು, ಅವರಿಗೆ ತೀವ್ರ ಕಷ್ಟವಾಗುತ್ತದೆಂದು ತೋರಿಸಬೇಕು. ಅಣ್ಣ ಅಲ್ಲಿರುವುದು ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಅಣ್ಣನ ಅರ್ಜಿಯ ಮೇಲೆ ಹೊರಟ ತಂಗಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ನಿಜವಾದ ಸಂಬಂಧಕ್ಕೆ ಸುಳ್ಳು ಕಾಗದ ಅಂಟಿಸಿ, ಇಪ್ಪತ್ತು ವರ್ಷ ಕಾದದ್ದನ್ನು ಒಂದು ವಾರದಲ್ಲಿ ಕಳೆದುಕೊಳ್ಳುವುದು ಯಾವ ಜಾಣತನ?

ಇಷ್ಟಕ್ಕೂ ಸುಳ್ಳಿನ ಅಗತ್ಯವೇ ಇಲ್ಲ. ಭಾರತದಲ್ಲಿ ಎಲ್ಲರ ಜನನವೂ ನೋಂದಣಿಯಾಗಿಲ್ಲ ಎಂಬುದು ಅಮೆರಿಕದ ವೀಸಾ ವಿಭಾಗಕ್ಕೆ ಗೊತ್ತಿದೆ. 1970ರ ಏಪ್ರಿಲ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಶಾಲೆಯ ದಾಖಲೆಗಳನ್ನೂ ತಂದೆತಾಯಿ ಅಥವಾ ಹತ್ತಿರದ ಸಂಬಂಧಿಕರ ಅಫಿಡವಿಟ್‌ಗಳನ್ನೂ ಒಪ್ಪುತ್ತಾರೆ. ಅದರ ನಂತರ ಹುಟ್ಟಿದವರಿಂದ ಪ್ರಮಾಣಪತ್ರವನ್ನೇ ಬಯಸುತ್ತಾರೆ. ಅದು ಇಲ್ಲದಿದ್ದರೆ ‘ನಮ್ಮ ರಿಜಿಸ್ಟರ್‌ನಲ್ಲಿ ಹುಡುಕಿದೆವು, ಈ ಜನನದ ನಮೂದು ಇಲ್ಲ’ ಎಂದು ನೋಂದಣಾಧಿಕಾರಿ ಕೊಡುವ ಅಲಭ್ಯತಾ ಪ್ರಮಾಣಪತ್ರ, ಅದರ ಜೊತೆಗೆ ಬೇರೆ ಹಳೆಯ ದಾಖಲೆಗಳು ಮತ್ತು ಅಫಿಡವಿಟ್. ‘ಇಲ್ಲ’ ಎಂದು ಹೇಳುವುದಕ್ಕೂ ಸರ್ಕಾರದಲ್ಲಿ ಒಂದು ನಮೂನೆ ಇದೆ ಎಂಬುದೇ ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ.

ಈಗಲಾದರೂ ನೋಂದಾಯಿಸಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ. ಹುಟ್ಟಿದ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, 30 ದಿನದವರೆಗೆ ವಿಳಂಬ ಶುಲ್ಕ, ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಹೋಗಿದೆ. ಇದು ನೇರವಾದ, ಕಾನೂನಿನ ದಾರಿ. ಆದರೆ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನದ ಜೊತೆಗೆ ನೋಂದಣಿಯಾದ ದಿನವೂ ಅಚ್ಚಾಗಿರುತ್ತದೆ. ನಲವತ್ತು ವರ್ಷದ ನಂತರ ನೋಂದಣಿಯಾದದ್ದನ್ನು ನೋಡಿದ ಅಧಿಕಾರಿ ಹಳೆಯ ದಾಖಲೆ ಏನಾದರೂ ಇದೆಯೇ ಎಂದು ಕೇಳಿಯೇ ಕೇಳುತ್ತಾರೆ. ಆಗ ಬೆಲೆ ಬರುವುದು ಹುಟ್ಟಿದ ಕಾಲಕ್ಕೆ ಹತ್ತಿರವಾದ ಕಾಗದಗಳಿಗೆ. ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು, ಹಳೆಯ ರೇಷನ್ ಕಾರ್ಡು, ಮದ್ರಸದ ಹಾಜರಿ ಪುಸ್ತಕ, ಏನಿದ್ದರೂ ಸರಿ. ನಾವು ಬಣ್ಣ ಹೊಡೆಸುವಾಗ ಗುಜರಿಗೆ ಹಾಕುವುದು ಇಂಥವನ್ನೇ.

ಅಮ್ಮಿಯ ಪ್ರಕರಣದಲ್ಲಿ ಕೊನೆಗೆ ನಾನಿಯೇ ಅಫಿಡವಿಟ್ ಮಾಡಬೇಕಾಯಿತು. ಇಂಥ ಅಫಿಡವಿಟ್‌ಗೆ ಹೆರಿಗೆಯ ವಿಷಯವನ್ನು ಸ್ವತಃ ಬಲ್ಲವರೇ ಬೇಕು, ನಂತರ ಹುಟ್ಟಿದವರು ‘ಕೇಳಿದ್ದೇನೆ’ ಎಂದರೆ ನಡೆಯದು. ನೋಟರಿಯವರು ಹೆಸರು ಕೇಳಿದಾಗ ಅಬ್ಬಾ ಒಂದು ಹೇಳಿದರು, ಜೊತೆಗೆ ಬಂದಿದ್ದ ಖಾಲಾ ಇನ್ನೊಂದು ಹೇಳಿದರು. ನೋಟರಿ ತಲೆಯೆತ್ತಿ ‘ನೀವಿಬ್ಬರೂ ಸುಮ್ಮನಿರಿ, ಅವರನ್ನೇ ಹೇಳಲು ಬಿಡಿ’ ಎಂದರು. ನಾನಿ ಸೆರಗು ಸರಿಮಾಡಿಕೊಂಡು ತಮ್ಮ ಪೂರ್ತಿ ಹೆಸರು ಹೇಳಿದರು. ಅದು ನಮ್ಮ ಯಾವ ಕಾಗದದಲ್ಲೂ ಇರಲಿಲ್ಲ! ಅವರ ತಂದೆ ಇಟ್ಟ ಹೆಸರಂತೆ. ಕೊನೆಗೆ ಅಫಿಡವಿಟ್‌ನಲ್ಲಿ ಆ ಹೆಸರನ್ನೂ ಉಳಿದ ಮೂರನ್ನೂ ಬರೆದು, ಈ ನಾಲ್ಕೂ ಹೆಸರಿನವಳು ನಾನೊಬ್ಬಳೇ ಎಂದು ಸೇರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನಿ ಇದ್ದಾರೆ, ಹಾಗಾಗಿ ಇದು ಸಾಧ್ಯವಾಯಿತು. ಇಲ್ಲದಿದ್ದರೆ ಹೇಳುವವರು ಯಾರು? ಅರ್ಜಿ ಇನ್ನೂ ನಡೆಯುತ್ತಿದೆ. ಅಗತ್ಯ ಬಿದ್ದರೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದೆಂದೂ ಹೇಳಿದ್ದಾರೆ. ಹೆಸರನ್ನು ನೆಟ್ಟಗೆ ಬರೆಸಿದ್ದರೆ ರಕ್ತದವರೆಗೆ ಹೋಗುವ ಮಾತು ಬರುತ್ತಿರಲಿಲ್ಲ.

ನಮ್ಮ ತರಗತಿಯಲ್ಲಿ ಅಮೆರಿಕಕ್ಕೆ ಹೋಗುವವರು ಎಷ್ಟು ಮಂದಿ, ಇದೆಲ್ಲ ನಮಗೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಗಲ್ಫ್‌ನಲ್ಲಿರುವ ತಂದೆ ಮಕ್ಕಳನ್ನು ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಳ್ಳಬೇಕಾದರೂ ದೃಢೀಕರಿಸಿದ ಜನನ ಪ್ರಮಾಣಪತ್ರ ಬೇಕು. ಅಲ್ಲೇ ಹುಟ್ಟಿ ಇಲ್ಲಿ ಓದುತ್ತಿರುವ ಗೆಳತಿಯರೂ ನಮ್ಮಲ್ಲಿದ್ದಾರೆ. ಅವರ ಮೂಲ ಪ್ರಮಾಣಪತ್ರ ಅರಬಿಯಲ್ಲಿದೆ, ಅದಕ್ಕೆ ಪ್ರಮಾಣೀಕರಿಸಿದ ಭಾಷಾಂತರ ಬೇಕು, ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಿದ ಕಾಗದವನ್ನೂ ಕಾಪಾಡಿಕೊಳ್ಳಬೇಕು. ಇಲ್ಲಿಯೇ ಇರುವವರಿಗೂ ಬಿಡುಗಡೆಯಿಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಮದುವೆಯ ನೋಂದಣಿ, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆಯಾಗಿ ಈ ಕಾಗದವನ್ನೇ ನೋಡುತ್ತಾರೆ. ಪಾಸ್‌ಪೋರ್ಟ್ ನಿಯಮವೂ ಈಗ ಹಾಗೆಯೇ ಇದೆ. ನಮ್ಮ ಮನೆಯ ತೊಟ್ಟಿಲಲ್ಲಿರುವವರಿಗೆ ಎರಡನೇ ದಾಖಲೆಯ ಆಸರೆ ಇಲ್ಲ.

ನಮ್ಮ ಪೀಳಿಗೆಯ ತೊಂದರೆಗಳು ನಾನಿಯ ಕಾಲದವಲ್ಲ, ಆದರೆ ಅವುಗಳ ಅಣ್ಣತಮ್ಮಂದಿರೇ. ತರಗತಿಯಲ್ಲಿ ಹುಟ್ಟುಹಬ್ಬ ಕೇಳಿನೋಡಿ, ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ! ಶಾಲೆಗೆ ಬೇಗ ಸೇರಿಸಲು ಮೇಷ್ಟ್ರು ಹಾಕಿದ ತಾರೀಖು ಅದು. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಬೇರೆ ತಾರೀಖಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ಅದನ್ನು ಬದಲಾಯಿಸಬೇಕೆಂದರೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ತಂದೆ ಅಥವಾ ತಾಯಿಯ ಜೊತೆ ವೀಸಾ ಪಡೆಯುವ ಮಕ್ಕಳು 21 ವರ್ಷದೊಳಗಿರಬೇಕೆಂಬ ನಿಯಮವಿದೆ. ಅರ್ಜಿ ಮಂಜೂರಾಗದೆ ಕಚೇರಿಯಲ್ಲಿದ್ದ ಕಾಲವನ್ನು ವಯಸ್ಸಿನಿಂದ ಕಳೆಯುತ್ತಾರೆ, ಸರದಿಗಾಗಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ಒಂದನೇ ತರಗತಿಗೆ ಸೇರಿಸಲು ಕೂಡಿಸಿದ ಹತ್ತು ತಿಂಗಳು ಅಂಥ ಹುಡುಗಿಯನ್ನು ತಾಯಿಯಿಂದ ಬೇರೆ ಮಾಡಬಹುದು.

ಮತ್ತೆ ಅಕ್ಷರಗಳ ಕಥೆ. ಕನ್ನಡದಲ್ಲಿ ಫಾತಿಮಾ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಟಿ’ಯ ನಂತರ ‘ಎಚ್’ ಹಾಕುವ ಫಾತಿಮಾ ಬೇರೆ, ಹಾಕದ ಫಾತಿಮಾ ಬೇರೆ. ಮುಹಮ್ಮದ್ ಎಂಬ ಹೆಸರಂತೂ ಒಂದೇ ಮನೆಯ ನಾಲ್ಕು ಆಧಾರ್ ಕಾರ್ಡುಗಳಲ್ಲಿ ನಾಲ್ಕು ಬಗೆಯಲ್ಲಿರುತ್ತದೆ, ಒಂದರಲ್ಲಿ ‘ಎಂಡಿ’ ಎಂಬ ಎರಡೇ ಅಕ್ಷರ. ಇನ್ನು ಕೆಲವರ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಹೆಸರಿಡುವ ಮೊದಲೇ ನೋಂದಣಿ ಮಾಡಿಸಿದರು, ಆಮೇಲೆ ಯಾರೂ ಆ ಕಡೆ ಹೋಗಲಿಲ್ಲ. ಹೆಸರು ಸೇರಿಸಲು ಹನ್ನೆರಡು ತಿಂಗಳವರೆಗೆ ಶುಲ್ಕವೂ ಇಲ್ಲ, ಹದಿನೈದು ವರ್ಷದವರೆಗೆ ಸಣ್ಣ ಶುಲ್ಕ ಕೊಟ್ಟು ಸೇರಿಸಬಹುದು. ನಮ್ಮ ವಯಸ್ಸಿಗೆ ಆ ಗಡುವು ದಾಟಿದೆ. ಮನೆಯಲ್ಲಿರುವ ತಮ್ಮ ತಂಗಿಯರಿಗೆ ದಾಟಿಲ್ಲ, ಇವತ್ತು ಸಂಜೆಯೇ ನೋಡಿ.

ತಪ್ಪಾದ ಹೆಸರನ್ನು ಸರಿಪಡಿಸುವುದು ನಾವು ಹೆದರುವಷ್ಟು ಕಷ್ಟವಲ್ಲ. ಅದೇ ಅಧಿನಿಯಮದ 15ನೇ ಪ್ರಕರಣ ಆ ಅಧಿಕಾರವನ್ನು ನೋಂದಣಾಧಿಕಾರಿಗೆ ಕೊಟ್ಟಿದೆ. ಮುಖ್ಯವಾದ ತಪ್ಪಾಗಿದ್ದರೆ ವಿಷಯ ಬಲ್ಲ ಇಬ್ಬರು ನಂಬಿಕಸ್ಥರು ತಪ್ಪು ಯಾವುದು, ನಿಜ ಯಾವುದು ಎಂದು ಘೋಷಣೆ ಕೊಡಬೇಕು. ಹಳೆಯ ನಮೂದನ್ನು ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮತ್ತು ತಾರೀಖು ಹಾಕುತ್ತಾರೆ. ನನಗೆ ಈ ಕ್ರಮ ಬಹಳ ಇಷ್ಟವಾಯಿತು. ಹಿಂದೆ ಏನಿತ್ತು, ಈಗ ಏನಾಯಿತು ಎರಡೂ ಕಾಣುತ್ತದೆ, ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಕಚೇರಿಗಳ ಕಡೆಯಿಂದ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಗೆದ್ದಲು ತಿಂದ ರಿಜಿಸ್ಟರ್, ‘ನಾಳೆ ಬನ್ನಿ’ ಎಂಬ ಉತ್ತರ, ಓದಲು ಬಾರದವರನ್ನು ಮಧ್ಯವರ್ತಿಯ ಕಡೆಗೆ ತಳ್ಳುವ ರೀತಿ ಇವೆಲ್ಲ ಅಬ್ಬಾ ರಜೆ ಹಾಕಿ ಹಾಕಿ ಕಂಡದ್ದೇ. ಕೂಲಿ ಮಾಡುವವರು ಅಷ್ಟು ಸಲ ಅಲೆಯಲಾರರು. ಹೆರಿಗೆ ವಾರ್ಡಿನಲ್ಲಿ ಫಾರಂ ತುಂಬುವ ಮುಂಚೆ ತಾಯಿಯ ಆಧಾರ್ ಕಾರ್ಡು ನೋಡಿ ಹೆಸರು ಬರೆದು, ಒಮ್ಮೆ ಓದಿ ಹೇಳಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಆದರೆ 2019ರ ಕೊನೆಯಲ್ಲಿ, 2020ರ ಆರಂಭದಲ್ಲಿ ಎಷ್ಟೋ ಊರುಗಳಲ್ಲಿ ನಮ್ಮವರು ಭಯಪಟ್ಟು ಜನನ ಪ್ರಮಾಣಪತ್ರಕ್ಕಾಗಿ ಸಾಲು ನಿಂತದ್ದು ನಿಮಗೂ ನೆನಪಿರಬಹುದು. ತಂದರು, ಲ್ಯಾಮಿನೇಷನ್ ಮಾಡಿಸಿ ಕಪಾಟಿನಲ್ಲಿಟ್ಟರು. ಅದರಲ್ಲಿ ಏನು ಬರೆದಿದೆ ಎಂದು ಓದಿದವರು ಎಷ್ಟು ಮಂದಿ?

ಕಾಲೇಜಿನ ಮುಂದೆ ನನ್ನದೊಂದು ಕೋರಿಕೆ ಇದೆ. ಪ್ರವೇಶದ ಅರ್ಜಿಯಲ್ಲಿ ತಾಯಿಯ ಹೆಸರಿಗೆ ಈಗಿರುವ ಜಾಗ ತಂದೆಯ ಹೆಸರಿನ ಜಾಗದ ಅರ್ಧದಷ್ಟಿದೆ. ಅದನ್ನು ದೊಡ್ಡದು ಮಾಡಿ, ‘ಜನನ ಪ್ರಮಾಣಪತ್ರದಲ್ಲಿರುವಂತೆ’ ಎಂದು ಸೇರಿಸಬೇಕು. ಪ್ರಥಮ ಪಿಯುಸಿಯವರಿಗೆ ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಬಿಟ್ಟುಕೊಟ್ಟು, ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳ ಜೆರಾಕ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ಪ್ರತಿ ಅಕ್ಷರವನ್ನು ಹೋಲಿಸಲು ಹೇಳಬೇಕು. ವ್ಯತ್ಯಾಸವಿದ್ದವರಿಗೆ ಯಾವ ಕಚೇರಿಗೆ ಹೋಗಬೇಕು ಎಂದು ಹೇಳಲು ನಗರಸಭೆಯ ಜನನ ಮರಣ ವಿಭಾಗದವರನ್ನೇ ಕರೆಸಬಹುದು. ಎನ್‌ಎಸ್‌ಎಸ್ ಘಟಕದ ನಾವು ಕೆಲವರು ಅರ್ಜಿ ತುಂಬಿಕೊಡಲು ಸಿದ್ಧರಿದ್ದೇವೆ, ಹೆಸರು ಕೊಡುವವರು ಎರಡನೇ ಮಹಡಿಯ ಗ್ರಂಥಾಲಯದಲ್ಲಿ ಗುರುವಾರ ಸಿಗಬಹುದು. ಮುಂದಿನ ಸಾಲಿನ ಪ್ರವೇಶ ಅರ್ಜಿ ಅಚ್ಚಿಗೆ ಹೋಗುವ ಮೊದಲು ಆ ತಾಯಿಯ ಹೆಸರಿನ ಗೆರೆಯನ್ನಾದರೂ ಪ್ರಾಂಶುಪಾಲರು ಉದ್ದ ಮಾಡಿಸಿಕೊಡಬೇಕಾಗಿ ವಿನಂತಿ.